ಅತ್ತಿಮರದ ಹಿಂದಿನ ಖಾಲಿ ಜಾಗ

“ತುಳಿಯೇ, ನಿನ್ ಮಕಕ್ಕಿಷ್ಟು! ಕಾಲ್ ಕೆಸರಾಯ್ತದೆ ಅಂತ ದಡ್ದಲ್ಲಿ ನಿಂತವ್ಳೆ ನೋಡು, ರಾಣಿ! ಕೂಸ್ ಹೆರಕ್ಕಂತೂ ನಿನ್ ಕೈಲಿ ಆಗ್ನಿಲ್ಲ, ಮಣ್ ತುಳಿಯಕ್ಕೂ ಆಗಾಕಿಲ್ವಾ?”

ಮೇಸ್ತ್ರಿ ಗಾಸ್ತೆನ್ ಬೆಳಿಗ್ಗೆ ಬಾಯಿ ಬಿಚ್ಚಿದನೆಂದರೆ ಹೊತ್ತು ಮುಳುಗುವ ತನಕ ಮುಚ್ಚುವ ಆಸಾಮಿಯಲ್ಲ. ಉಟ್ಟ ಚಿತೆಂಜೆ ಬಟ್ಟೆಯನ್ನು ಮೊಣಕಾಲಿನಿಂದ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಡಿಯೊಳಗೆ ಮಣ್ಣು ತುಳಿಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನಗದಿದ್ದರೆ ಮುಂದಿನ ಬೈಗುಳ ತಮ್ಮ ಪಾಲಿಗೇ ಎಂದು ಅವರಿಗೆ ಗೊತ್ತು. ಬೇರೆ ದಿನವಾಗಿದ್ದರೆ ಎಸಿನಾತಿ ಸುಮ್ಮನಿರುತ್ತಿರಲಿಲ್ಲ, ಅವಳ ನಾಲಗೆಯೂ ಮೊಂಡಲ್ಲ. ಹೋದ ವಾರ ಇದೇ ಗಾಸ್ತೆನ್‌ನನ್ನು, “ನಿಮ್ಮೆಂಡ್ರು ಹೆತ್ತಿದ್ದೆಲ್ಲ ನಿಮ್ದೇ ಅಂತ ನಂಬ್ಕಂಡಿದ್ದೀರಾ ಮೇಸ್ತ್ರಿ?” ಎಂದು ಕೇಳಿ ಇಡೀ ಗುಂಡಿಯನ್ನು ನಗಿಸಿದ್ದಳು. ಇವತ್ತು ಅವಳು ಗುಂಡಿಯ ಅಂಚಿನಲ್ಲಿ ನಿಂತು, ಈಗಷ್ಟೇ ಮಂಕರಿಯಿಂದ ಸುರಿದ ಮಣ್ಣನ್ನೇ ನೋಡುತ್ತಿದ್ದಳು.

ನಿನ್ನೆಯವರೆಗೆ ಕೆಂಪು ಮಣ್ಣು ಬರುತ್ತಿತ್ತು. ಇದು ಕಪ್ಪು. ಮೆತ್ತಗೆ, ತೇವವಾಗಿ, ಕೊಳೆತ ಅತ್ತಿಯೆಲೆಯ ವಾಸನೆ ಹೊಡೆಯುತ್ತಿತ್ತು.

“ಈ ಮಣ್ಣು ಎಲ್ಲಿಂದು?” ಎಂದು ಮಂಕರಿ ಹೊತ್ತು ತಂದವಳನ್ನು ಕೇಳಿದಳು.

“ಅತ್ತಿಮರದ ಇಂದ್ಗಡೆದು. ನಿನ್ ಗಂಡನೇ ಅಗೀತಾವ್ನೆ, ಓಗಿ ಅವ್ನನ್ನೇ ಕೇಳು.”

ಎಸಿನಾತಿಯ ಕಾಲು ತಾನಾಗಿ ಹಿಂದಕ್ಕೆ ಸರಿಯಿತು.

ಲಿಲೋಂಗ್ವೆ ನಗರದ ಅಂಚಿನ ಈ ಪಾರ್ಕು ಪಾರ್ಕಾಗುವುದಕ್ಕೆ ಮೊದಲು ಅವರ ಊರಾಗಿತ್ತು. ಸರ್ಕಾರದವರು ಬೇಲಿ ಹಾಕಿ ಊರನ್ನು ಹಳ್ಳದ ಆಚೆಗೆ ತಳ್ಳಿದರು. ಮನೆಗಳು ಹೋದವು, ಜೋಳದ ಹೊಲಗಳು ಹೋದವು. ಉಳಿದದ್ದು ಸತ್ತವರನ್ನು ಮಲಗಿಸಿದ ಕಾಡೊಂದೇ. ಸುತ್ತಲಿನ ಗುಡ್ಡಗಳ ಮರವೆಲ್ಲ ಇದ್ದಿಲಾಗಿ ಮೂಟೆಯಲ್ಲಿ ಕೂತು ಪೇಟೆಗೆ ಹೋದರೂ ಈ ಕಾಡಿನ ಒಂದು ಕಡ್ಡಿ ಯಾರೂ ಮುರಿದವರಲ್ಲ. ಸತ್ತವರ ನೆರಳನ್ನು ಕಡಿದು ಯಾವನು ತಾನೇ ನ್ಸಿಮಾ ಮುದ್ದೆ ಬೇಯಿಸಿಕೊಂಡಾನು? ಹಾಗೆ ಉಳಿದ ಕಾಡನ್ನು ನೋಡಿ ಪಾರ್ಕು ನೋಡಿಕೊಳ್ಳುವ ಟ್ರಸ್ಟಿನವರು ಬಾಯಿ ಬಿಟ್ಟುಕೊಂಡು ನಿಂತರು. ಇಂಥ ಕಾಡು ಇಡೀ ನಗರದಲ್ಲಿಲ್ಲ, ಇಲ್ಲೇ ಮಕ್ಕಳಿಗಾಗಿ ಒಂದು ಪ್ರಕೃತಿ ಪಾಠಶಾಲೆ ಕಟ್ಟೋಣ ಎಂದರು. ಸುಟ್ಟ ಇಟ್ಟಿಗೆ ಬೇಡ, ಅದು ಸೌದೆ ತಿನ್ನುತ್ತದೆ. ಸಿಮೆಂಟು ಬೇಡ. ಅಲ್ಲಿನ ಮಣ್ಣಿನಲ್ಲೇ ಹಸಿ ಇಟ್ಟಿಗೆ, ಅಲ್ಲಿನ ಹುಲ್ಲಿನದೇ ಸೂರು, ಸೂರಿನ ಮಳೆನೀರಿಗೆ ನೆಲದೊಳಗೊಂದು ತೊಟ್ಟಿ. ಒಂದೇ ಒಂದು ಮರಕ್ಕೂ ಕೊಡಲಿ ತಾಕಬಾರದು ಎಂದು ಕಟ್ಟಡದ ನಕ್ಷೆ ಬರೆದ ಲಿಕೊಂಗ್ವೆ ಎಂಬಾತ ಊರವರೆಲ್ಲರ ಮುಂದೆ ಎದೆ ಮುಟ್ಟಿಕೊಂಡು ಹೇಳಿದ್ದ.

ಅವನು ಸುಳ್ಳುಗಾರನಲ್ಲ. ತೊಟ್ಟಿಗೆಂದು ಅತ್ತಿಮರದ ಮುಂದೆ ಗುಂಡಿ ತೆಗೆಯುವಾಗ ತೊಡೆಯ ಗಾತ್ರದ ಬೇರು ಸಿಕ್ಕಿತು. ಲಿಕೊಂಗ್ವೆ ಗುಂಡಿಗಿಳಿದು ಬೇರನ್ನು ಕೂಸಿನ ಬೆನ್ನು ಸವರಿದ ಹಾಗೆ ಸವರಿ, “ಪಾಪ, ಇದಕ್ಕೆ ಗಾಯ ಆಗಬಾರದು. ತೊಟ್ಟಿ ಹಿಂದಕ್ಕೆ ಹೋಗಲಿ, ಅಲ್ಲಿ ಖಾಲಿ ಜಾಗ ಇದೆಯಲ್ಲ,” ಎಂದ.

ಖಾಲಿ ಜಾಗ! ಅದು ಯಾಕೆ ಖಾಲಿ ಇದೆ ಎಂದು ಗಂಡಸರಿಗೆ ಗೊತ್ತಿರಲಿಲ್ಲ. ಹೆಂಗಸರಿಗೆ ಗೊತ್ತಿತ್ತು, ಆದರೆ ಹೇಳುವ ಹಾಗಿರಲಿಲ್ಲ.

“ಇಳೀತೀಯೋ, ಇಲ್ಲ ಕತ್ ಹಿಡ್ದು ತಳ್ಳನೋ?” ಗಾಸ್ತೆನ್ ಹತ್ತಿರ ಬಂದ.

“ಈ ಮಣ್ಣ ನಾನು ತುಳಿಯಾಕಿಲ್ಲ.”

“ಯಾಕೆ? ಇದ್ರಲ್ಲಿ ನಿಮ್ಮಪ್ಪನ ಗಂಟ್ ಹೂತವ್ರಾ?”

ಎಸಿನಾತಿ ಬರಿಗಾಲಲ್ಲೇ ಓಡಿದಳು. ಹಿಂದಿನಿಂದ ಗಾಸ್ತೆನ್, “ಓಗು, ಓಗು, ಇವತ್ತಿನ್ ಕೂಲಿ ನಾಯಿಗಾಕ್ತೀನಿ!” ಎಂದು ಕೂಗುತ್ತಿದ್ದ. ಉಳಿದ ಹೆಂಗಸರು ಈ ಸಲ ನಗಲಿಲ್ಲ. ಕಾಲಡಿಯ ಕಪ್ಪು ಮಣ್ಣನ್ನು ಆಗ ನೋಡಿಕೊಂಡು, ಒಬ್ಬೊಬ್ಬರಾಗಿ ತುಳಿಯುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ತುಳಿದಾಗಿದ್ದ ಒಂದಷ್ಟು ಮಣ್ಣು ಅಚ್ಚಿಗೆ ಹೋಗಿಯಾಗಿತ್ತು.

ಮುದುಕಿ ನಾಬಂಡ ಸೂರಿನ ಹುಲ್ಲನ್ನು ಬಾಚಿ ಕಂತೆ ಕಟ್ಟುತ್ತಾ ಕೂತಿದ್ದಳು. ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕೊಯ್ದವಳು ಅವಳೇ. ಎಸಿನಾತಿ ಅವಳ ಮುಂದೆ ಕುಸಿದಳು.

“ಅಜ್ಜಿ, ಎಲ್ ಮಡಗಿದ್ರಿ?”

“ಏನ?”

“ನನ್ ಕೂಸ.”

ನಾಬಂಡಳ ಕೈ ನಿಂತುಹೋಯಿತು. ಅತ್ತಿತ್ತ ನೋಡಿ, “ಸುಮ್ಕಿರು ಮುಂಡೇದೆ, ಗಂಡಸ್ರ ಕಿವಿಗ್ ಬಿದ್ದಾತು,” ಎಂದು ಗದರಿದಳು.

“ಅತ್ತಿಮರದ ಇಂದ್ಗಡೆ ಅಂದಿದ್ರಲ್ಲ ಅವತ್ತು. ಅಲ್ಲೇ ಅಗೀತಾವ್ರೆ. ಆ ಮಣ್ಣ ತಂದು ನನ್ ಕಾಲ್ ಕೆಳೀಕ್ ಸುರುದ್ರು ಅಜ್ಜಿ, ತುಳಿ ಅಂದ್ರು.”

ಎಸಿನಾತಿಯ ಕೂಸು ಹುಟ್ಟಿ ಕೆಲವೇ ದಿನ ಉಸಿರಾಡಿತ್ತು. ಗಂಡು. ಅಪ್ಪ ಅವ್ವ ಇಬ್ಬರೂ ಸೇರಿ ಕೂಸನ್ನು ಎತ್ತಿಕೊಳ್ಳುವ ಶಾಸ್ತ್ರವಿದೆ, ಅದು ಆಗುವ ತನಕ ಅಪ್ಪ ಕೂಸಿನ ಮುಖ ನೋಡುವಂತಿಲ್ಲ. ಅದಕ್ಕೆ ಮೊದಲು ಹೋದ ಕೂಸನ್ನು ಸತ್ತಿತು ಎನ್ನುವಂತಿಲ್ಲ. ‘ಹಿಂದಕ್ಕೆ ಹೋಯಿತು’ ಎನ್ನಬೇಕು. ಅದಕ್ಕೆ ಹೆಸರಿಲ್ಲ. ಊರು ಸೇರುವುದಿಲ್ಲ, ಸಾವಿನೂಟಕ್ಕೆ ಒಲೆ ಹೂಡುವುದಿಲ್ಲ. ಮುಟ್ಟು ನಿಂತ ಮುದುಕಿಯರು ಬೆಳಗಿನ ಮಂಜಿನಲ್ಲಿ ಹರಕು ಬಟ್ಟೆಯಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿ, ನೆಲ ಸಮ ಮಾಡಿ, ಹಿಂದೆ ನೋಡದೆ ಬರುತ್ತಾರೆ. ಗಂಡಸರ ಕಾಲು ಆ ಜಾಗ ತುಳಿಯಬಾರದು, ತುಳಿದರೆ ಎದೆ ಕಟ್ಟಿ ರಕ್ತ ಕಾರುತ್ತಾರಂತೆ. ಹೆತ್ತವಳು ಅಳಬಾರದು. ಅತ್ತರೆ ಮುಂದಿನ ಕೂಸೂ ಅದೇ ದಾರಿ ಹಿಡಿಯುತ್ತದಂತೆ.

ಎಸಿನಾತಿ ಅಳಲಿಲ್ಲ. ಮೊಲೆಯ ಹಾಲು ಹಿಂಡಿ ಬೂದಿಗೆ ಚೆಲ್ಲಿದಳು, ತುಟಿ ಕಚ್ಚಿಕೊಂಡು ಜೋಳ ಕುಟ್ಟಿದಳು. ಅವಳ ಕಡೆಯಿಂದ ತಪ್ಪಲಿಲ್ಲ. ಆದರೂ ಮುಂದಿನ ಕೂಸು ಬರಲೇ ಇಲ್ಲ. ಆ ಊರಲ್ಲಿ ಹೆತ್ತವಳನ್ನು ಮಗುವಿನ ಹೆಸರು ಹಿಡಿದು ‘ಇಂಥವನ ತಾಯಿ’ ಎಂದು ಕರೆಯುತ್ತಾರೆ. ಅವಳನ್ನು ಇವತ್ತಿಗೂ ಎಸಿನಾತಿ ಎಂದೇ ಕರೆಯುತ್ತಿದ್ದರು, ಮದುವೆಯಾಗದ ಹುಡುಗಿಯನ್ನು ಕರೆದಂತೆ. ಅಣಬೆ ಆರಿಸುವ ನೆಪದಲ್ಲಿ ಅವಳು ಅತ್ತಿಮರದ ಹಿಂದಕ್ಕೆ ಹೋಗಿ ಕೂರುತ್ತಿದ್ದಳು. ಯಾವ ಜಾಗವೆಂದು ಗೊತ್ತಿಲ್ಲದ್ದರಿಂದ ಎಲ್ಲೂ ಕಾಲು ಚಾಚದೆ ಕೂರುತ್ತಿದ್ದಳು.

“ನಿಂದೊಂದೇ ಅಂತ ತಿಳ್ಕಂಡಿದ್ದೀಯಾ?” ಎಂದಳು ನಾಬಂಡ. “ನಂದೂ ಅವೆ ಅಲ್ಲಿ. ನಮ್ಮವ್ವಂದೂ ಅವೆ. ಯಾರ್ ಮನೇದು ಇಲ್ಲ ಯೋಳು.”

“ಮತ್ತೆ ಅವತ್ ಸಭೇಲಿ ಯಾಕೆ ಬಾಯ್ ಬುಡ್ನಿಲ್ಲ ನೀವು? ‘ಅಲ್ಲೇನೂ ಇಲ್ಲ, ಖಾಲಿ ಜಾಗ’ ಅಂತ ಯಜಮಾನ ಅಂದಾಗ ನೀವೂ ಕೂತಿದ್ರಿ, ನಾನೂ ಕೂತಿದ್ದೆ.”

“ಗಂಡಸ್ರು ಕೂತಿದ್ದ ಸಭೆ ಕಣವ್ವ, ಎಂಗ್ ಬಾಯ್ ಬುಡನೆ? ಮರ ಕಡಿಯಾಕಿಲ್ಲ ಅಂದ್ರು. ಮರ ಕಡೀದಿದ್ರೆ ಕಾಡು ಕಾಡಾಗೇ ಇರ್ತದೆ, ಕೂಸ್ಗಳು ತಣ್ಗಿರ್ತವೆ ಅನ್ಕಂಡೆ. ಒಳ್ಳೇ ಜನ ಅಂತ ಒಳ್ಗೊಳ್ಗೇ ಹರ್ಸಿದ್ನಲ್ಲೇ, ನನ್ ಬಾಯ್ಗೆ ಮಣ್ ಬೀಳ!” ಮುದುಕಿ ಹುಲ್ಲಿನ ಕಂತೆಯಿಂದ ಹಣೆ ಹಣೆ ಬಡಿದುಕೊಂಡಳು.

ದೂರದಲ್ಲಿ ಅವಳ ಗಂಡ ಫಲಿಸೊನ್ ಕೆಮ್ಮಿದ ಸದ್ದು ಕೇಳಿಸಿತು. ಧೂಳಿನ ಕೆಮ್ಮೇ ಇರಬಹುದು. ಆದರೆ ಎಸಿನಾತಿ ದಡಕ್ಕನೆ ಎದ್ದು ನಿಂತಳು. ಆ ಕೂಸಿನ ಅಪ್ಪ ಅವನೇ. ಅವನೇ ಅಗೆಯುತ್ತಿದ್ದ.

ಲಿಕೊಂಗ್ವೆ ಮರದಡಿ ಹಾಕಿಸಿದ್ದ ಮೇಜಿನ ಹತ್ತಿರ ಇದ್ದ. ಪಕ್ಕದಲ್ಲಿ ಟ್ರಸ್ಟಿನವರು ದಯಪಾಲಿಸಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಊರ ಯಜಮಾನ ಮಕಾವಾ ಹ್ಯಾಟು ಹಾಕಿಕೊಂಡು ಕೂತಿದ್ದ. ಊರವರು ಕೆಲಸಕ್ಕೆ ತಕರಾರು ಮಾಡದಂತೆ ನೋಡಿಕೊಳ್ಳುವುದೇ ಅವನ ಕೆಲಸ, ಅದಕ್ಕೆ ಕುರ್ಚಿ ಮತ್ತು ಮಧ್ಯಾಹ್ನದ ಊಟ. ಮೇಜಿನ ಮೇಲೆ ಪಾಠಶಾಲೆಯ ಪುಟ್ಟ ಮಾದರಿ ಇತ್ತು. ಮಣ್ಣಿನ ಗೋಡೆ, ಹುಲ್ಲಿನ ಸೂರು, ಸ್ಪಂಜಿನ ಮರಗಳು. ಅತ್ತಿಮರದ ಹಿಂದೆ, ತೊಟ್ಟಿಯ ಸುತ್ತ, ಬೆರಳ ತುದಿಯಷ್ಟು ದೊಡ್ಡ ಮರದ ಗೊಂಬೆಗಳನ್ನು ಅಂಟಿಸಿದ್ದರು. ಮಕ್ಕಳು. ಒಂದು ಬಗ್ಗಿ ನೀರು ಕುಡಿಯುತ್ತಿತ್ತು, ಒಂದು ಕೈ ಮೇಲೆತ್ತಿತ್ತು. ಎಸಿನಾತಿ ಅದನ್ನೇ ನೋಡುತ್ತ ಮಂಡಿಯೂರಿದಳು.

“ಏನಮ್ಮ? ಹೇಳಿ,” ಎಂದ ಲಿಕೊಂಗ್ವೆ. ಅವನು ಯಾರಿಗೂ ಏಕವಚನ ಆಡುವವನಲ್ಲ.

“ಬ್ವಾನಾ, ತೊಟ್ಟಿ ಗುಂಡೀನ ಬ್ಯಾರೆ ಕಡೆ ತೆಗ್ಸಿ. ಅಲ್ಲಿ ಅವೆ.”

“ಏನಿವೆ?”

“ನಾನೇ ಯೋಳಿದ್ದೀನಲ್ಲ ಬ್ವಾನಾ, ಅಲ್ಲಿ ಏನೂ ಇಲ್ಲ,” ಎಂದು ಮಕಾವಾ ನಡುವೆ ಬಾಯಿ ಹಾಕಿದ. “ನಮ್ಮ ಹಿರೀಕ್ರ ಗೋರಿ ಎಲ್ಲಾ ಆಚೆ ಕಡೆ. ನೀವು ಬೇಲೀನೂ ಹಾಕ್ಸಿದ್ದೀರಿ, ಪುಣ್ಯವಂತ್ರು. ಏಯ್ ಎಸಿನಾತಿ, ಏನೇ ನಿಂದು?”

“ನಿಮ್ಗೆ ಗೊತ್ತಿಲ್ಲ ಯಜಮಾನ್ರೆ.”

“ಊರ್ ಯಜಮಾನಂಗ್ ಗೊತ್ತಿಲ್ದೇ ಇದ್ದುದ್ದು ನಿಂಗ್ ಗೊತ್ತಾ?”

“ಕೂಸ್ಗಳು,” ಎಂದಳು ಎಸಿನಾತಿ. “ಇಂದಕ್ಕೋದ್ವು.”

ಮಕಾವಾ ಕುರ್ಚಿ ಸಮೇತ ಆ ಕಡೆ ತಿರುಗಿದ. “ಥೂ! ಗಂಡಸ್ರ ಮುಂದೆ ಆಡೋ ಮಾತೇನೇ ಇದು? ನಾಚ್ಕೆ ಇಲ್ವಾ? ನನ್ ಎದೆ ಕಟ್ಸಿ ಸಾಯಿಸ್ಬೇಕು ಅಂತ ಬಂದಿದ್ದೀಯಾ?” ಹ್ಯಾಟನ್ನು ಕಿವಿಯವರೆಗೆ ಎಳೆದುಕೊಂಡ.

ಲಿಕೊಂಗ್ವೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಪಾಪ, ಅವನಿಗೂ ಬೇಸರವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು.

“ನಿಮ್ಮ ಮಗುವೂ ಅಲ್ಲೇ ಇದೆಯಾ?”

ಅವಳು ತಲೆಯಾಡಿಸಿದಳು.

“ಜಾಗ ತೋರಿಸ್ತೀರಾ?”

“ನಂಗ್ ತೋರ್ಸಿಲ್ಲ ಬ್ವಾನಾ. ಹೆತ್ತವ್ಳು ಓಗಂಗಿಲ್ಲ.”

“ಏನಾದರೂ ಕಲ್ಲು, ಗುರುತು?”

“ಇಲ್ಲ.”

“ಹೆಸರು?”

“ಮಡಗ್ನಿಲ್ಲ.”

“ಮತ್ತೆ ಯಾರು ಬಂದಿದ್ರು, ಯಾರು ಅತ್ತಿದ್ರು? ಊರಲ್ಲಿ ಯಾರಾದರೂ ಹೌದು ಅಂತ ಹೇಳಬೇಕಲ್ಲಮ್ಮ.”

“ಅಳಂಗಿಲ್ಲ ಬ್ವಾನಾ.”

ಲಿಕೊಂಗ್ವೆ ನಿಟ್ಟುಸಿರು ಬಿಟ್ಟ. “ನಾನೂ ನಿಮ್ಮ ಜನವೇ. ನಮ್ಮಜ್ಜಿಯೂ ಇಂಥದೆಲ್ಲ ಹೇಳೋರು. ಆದರೆ ಯೋಚನೆ ಮಾಡಿ, ತೊಟ್ಟಿ ಮುಂದಕ್ಕೆ ತಂದರೆ ಅತ್ತಿಮರ ಸಾಯುತ್ತೆ. ನೂರಾರು ಹಕ್ಕಿ ಗೂಡು ಕಟ್ಟಿರೋ ಮರ. ಮಣ್ಣಿಗೆ ಹೋದದ್ದು ಮಣ್ಣಾಗಿದೆ. ಆ ಮಣ್ಣು ಗೋಡೆ ಆಗುತ್ತೆ, ಆ ಗೋಡೆ ಒಳಗೆ ಮಕ್ಕಳು ಕೂತು ಕಲೀತಾರೆ. ಪ್ರಕೃತಿಯಲ್ಲಿ ಯಾವುದೂ ಹಾಳಾಗೋದಿಲ್ಲ. ನಾವು ಇಲ್ಲಿ ಕಲಿಸಬೇಕು ಅಂತಿರೋದೂ ಇದನ್ನೇ. ನಿಮಗೆ ಸಮಾಧಾನ ಆಗೋ ಹಾಗಿದ್ದರೆ ಒಂದು ಗಿಡ ನೆಡೋಣ, ಆಯ್ತಾ?”

ಎಸಿನಾತಿ ತಲೆಯೆತ್ತಿದಳು. “ಬ್ವಾನಾ, ನಿಮ್ಮವ್ವ ಸತ್ತಾಗ ಗೋಡೆಗ್ ಮೆತ್ತುದ್ರಾ?”

ಮಾತು ಬಿದ್ದದ್ದೇ ತಡ, ಹಿಂದಿನಿಂದ ಬಂದ ಗಾಸ್ತೆನ್ ಅವಳ ರಟ್ಟೆ ಹಿಡಿದು ಎಳೆದ. ಮೊಣಕಾಲು ನೆಲಕ್ಕೆ ತರಚಿತು. “ಹಲ್ಕಾ ಮುಂಡೆ, ಯಾರ್ ಮುಂದೆ ಏನ್ ಮಾತು! ಇದೆಲ್ಲಾ ನಾಟ್ಕ ಬ್ವಾನಾ. ಗೋರಿ ಅದೆ ಅಂದ್ರೆ ಪರಿಹಾರ ಸಿಕ್ತದೆ ಅಂತ ಯಾರೋ ಊದವ್ರೆ ಇವ್ಳ ಕಿವೀಗೆ. ಬಂಜೆ ಇವ್ಳು, ಬಂಜೆ! ಇವ್ಳಿಗೆಲ್ಲಿಂದ ಬತ್ತದೆ ಕೂಸು?”

“ಬಿಡಿ ಗಾಸ್ತೆನ್,” ಎಂದ ಲಿಕೊಂಗ್ವೆ, ಮುಖ ಸಪ್ಪಗಾಗಿತ್ತು. “ಅವರು ಇವತ್ತು ಮನೆಗೆ ಹೋಗಲಿ.”

“ನಾಳೀಕೂ ಬರ್ಬ್ಯಾಡ,” ಎಂದು ಗಾಸ್ತೆನ್ ಸೇರಿಸಿದ.

ಮಕಾವಾ ಇನ್ನೂ ಆ ಕಡೆಗೇ ತಿರುಗಿ ಕೂತಿದ್ದ. ಅವನ ಮೊದಲ ಹೆಂಡತಿಯ ಎರಡು ಕೂಸುಗಳು ಹಿಂದಕ್ಕೆ ಹೋಗಿದ್ದವು. ಎಲ್ಲಿಗೆ ಹೋದವು ಎಂದು ಅವನು ಒಂದು ದಿನವೂ ಕೇಳಿದವನಲ್ಲ, ಕೇಳಬಾರದೆಂದು ಅವನ ಅಪ್ಪ ಹೇಳಿಕೊಟ್ಟಿದ್ದ.

ಅತ್ತಿಮರದ ಹಿಂದೆ ಫಲಿಸೊನ್ ಮೊಣಕಾಲುದ್ದ ಗುಂಡಿಯೊಳಗೆ ನಿಂತು ಗುದ್ದಲಿ ಎತ್ತಿದ್ದ. ಜೊತೆಗೆ ಊರಿನ ಇನ್ನೊಂದಷ್ಟು ಗಂಡಸರು. ಕುಂಟುತ್ತಾ ಬಂದ ಹೆಂಡತಿಯನ್ನು ನೋಡಿ ಅವನು ಹಲ್ಲು ಕಿರಿದ.

“ಏನಮ್ಮೀ, ಮೇಸ್ತ್ರಿ ಓಡಿಸ್ಕಂಡ್ ಬಂದ್ನಾ? ಬಾ, ನಂಗೊಂದ್ ವಸಿ ತೊಬ್ವಾ ಕುಡಿಯಕ್ ಕೊಡು, ಗಂಟ್ಲು ಒಣಗೋಗದೆ.”

“ಮ್ಯಾಕ್ ಬಾ.”

“ಹೊತ್ತಾಗಿಲ್ಲ ಇನ್ನ.”

“ಮ್ಯಾಕ್ ಬಾ ಅಂದೆ. ಗುದ್ಲಿ ಕೆಳೀಕ್ ಬುಡು. ಅಲ್ ಬ್ಯಾಡ, ಆಚ್ಗೆ.”

“ಏನಾಯ್ತೇ ನಿಂಗೆ?” ಎನ್ನುತ್ತಾ ಅವನು ಮತ್ತೆ ಗುದ್ದಲಿ ಎತ್ತಿದ. ಎಸಿನಾತಿಗೆ ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಅಷ್ಟು ವರ್ಷ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡ ಮಾತು ಅಷ್ಟೂ ಗಂಡಸರ ಮುಂದೆ ಬಾಯಿಂದ ಹೊರಬಿತ್ತು.

“ಅದು ನಮ್ ಕೂಸು ಮಲ್ಗಿರೋ ಜಾಗ!”

ಗುದ್ದಲಿ ಮೇಲೆಯೇ ನಿಂತಿತು. ಫಲಿಸೊನ್‌ನ ಮುಖದ ಮೇಲಿನ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ಉಳಿದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ದಡಕ್ಕನೆ ಗುಂಡಿಯಿಂದ ಮೇಲೆ ಹಾರಿ ಎದೆ ಹಿಡಿದುಕೊಂಡ. ಅವನ ಹಿಂದೆ ಇನ್ನೊಬ್ಬ. ಕೊನೆಗೆ ಗುಂಡಿಯಲ್ಲಿ ಫಲಿಸೊನ್ ಒಬ್ಬನೇ ಉಳಿದ. ಅವನು ಗುದ್ದಲಿಯನ್ನು ಮೆಲ್ಲಗೆ, ಯಾರಿಗೋ ತಾಕೀತು ಎಂಬಂತೆ, ದಡದ ಮೇಲೆ ಇಟ್ಟ.

“ಯಾವ್ ಮೂಲೇಲಿ?” ಎಂದ.

“ನಂಗೂ ಗೊತ್ತಿಲ್ಲ.”

“ಗಂಡಾ, ಹೆಣ್ಣಾ? ನನ್ ಕುಟೆ ಅದ್ನೂ ಯಾರೂ ಯೋಳ್ನಿಲ್ಲ.”

“ಗಂಡು. ನಿಂದೇ ಕಿವಿ.”

ಫಲಿಸೊನ್ ತಾನು ನಿಂತ ನೆಲ ನೋಡಿದ. ಬೆಳಿಗ್ಗೆಯಿಂದ ಅಗೆದು ಮಂಕರಿಗೆ ತುಂಬಿ ಕಳಿಸಿದ ಕಡೆ ನೋಡಿದ. ಮುಂದಕ್ಕೆ ಹೆಜ್ಜೆ ಇಡಲಾರದೆ, ಹಿಂದಕ್ಕೆ ಇಡಲಾರದೆ, ಅಲ್ಲೇ ಒಂಟಿ ಕಾಲಿನಲ್ಲಿ ನಿಂತ. ಎಸಿನಾತಿ ಕೈ ಕೊಟ್ಟು ಅವನನ್ನು ಮೇಲಕ್ಕೆಳೆದುಕೊಂಡಳು. ಅವನ ಅಂಗೈ ತುಂಬ ಕಪ್ಪು ಮಣ್ಣು ಮೆತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಅವನಿಗೆ ಧೈರ್ಯವಾಗಲಿಲ್ಲ.

ಗಾಸ್ತೆನ್ ಬಂದು ಅರಚಿದ, ಅವರ ಅವ್ವ ಅಕ್ಕಂದಿರನ್ನೆಲ್ಲ ಬೈದ. ಯಾರೂ ಗುಂಡಿಗೆ ಇಳಿಯಲಿಲ್ಲ. “ಸಾಯ್ರೋ ಅತ್ಲಾಗೆ! ನಾಳೆ ಪ್ಯಾಟೆಯಿಂದ ಲಾರಿ ತುಂಬಾ ಜನ ತತ್ತೀನಿ. ನಿಮ್ಮ ತಿಕದಲ್ಲಿ ಹುಲ್ ಬೆಳೆಯಂಗಂಟ ಮನೇಲಿ ಕೂತ್ಕಳಿ,” ಎಂದು ಉಗಿದು ಹೋದ.

ಸಂಜೆ ಹಳ್ಳದ ದಡದಲ್ಲಿ ಹೆಂಗಸರು ಸೇರಿದರು. ಯಾರಿಗೂ ಏನೂ ತೋಚಲಿಲ್ಲ. ಪೇಟೆಯಿಂದ ಜನ ಬಂದರೆ ಅಗೆಯುತ್ತಾರೆ, ಅವರನ್ನು ತಡೆಯಲು ಇವರ ಕೈಯಲ್ಲಿ ಏನಿದೆ? ಗೋರಿಯೆಂದರೆ ಗುರುತು ಎಲ್ಲಿ ಎನ್ನುತ್ತಾರೆ. ಸತ್ತಿತು ಎಂದರೆ ಅತ್ತವರು ಯಾರು ಎನ್ನುತ್ತಾರೆ. ಆಗ ನಾಬಂಡ ಮೂಗು ಸೀಟಿಕೊಂಡು ಹೇಳಿದಳು:

“ಅಳಂಗಿಲ್ಲ ಅಂತ ಯಾರ್ ಯೋಳಿದ್ದು? ನಮ್ಮವ್ವ ಯೋಳಿದ್ಲು. ಅವ್ಳಿಗೆ ಅವ್ಳವ್ವ ಯೋಳಿದ್ಲು. ಅವ್ರೆಲ್ಲಾ ಓದ್ರಲ್ಲ, ಇನ್ ಯಾರ್ ಕೇಳ್ಬೇಕು ನಮ್ಮ? ನಾಳೆ ಅಳನ.”

ಮರುದಿನ ಪೇಟೆಯ ಲಾರಿ ಪಾರ್ಕಿನ ಗೇಟು ದಾಟಿ ಒಂದಷ್ಟು ದೂರ ಬಂದು ನಿಂತುಬಿಟ್ಟಿತು. ದಾರಿಗೆ ಅಡ್ಡಲಾಗಿ ಹಸಿ ಕೊಂಬೆಗಳನ್ನು ಹಾಸಿದ್ದರು. ಆ ಸೀಮೆಯಲ್ಲಿ ದಾರಿಯ ಮೇಲೆ ಕೊಂಬೆ ಬಿದ್ದಿದೆಯೆಂದರೆ ಹತ್ತಿರದಲ್ಲೇ ಹೆಣವಿದೆ ಎಂದರ್ಥ. ಲಾರಿ ಮೆಲ್ಲಗೆ ಹೋಗಬೇಕು, ಮಾತು ತಗ್ಗಬೇಕು, ಹ್ಯಾಟು ಕೈಗೆ ಬರಬೇಕು. ಡ್ರೈವರು ಇಂಜಿನ್ ಆರಿಸಿದ. ಆಗ ಕಾಡಿನೊಳಗಿಂದ ಅಳು ಕೇಳಿಸಿತು.

ಅದು ಒಬ್ಬಿಬ್ಬರ ಅಳುವಲ್ಲ. ಹಳ್ಳದಾಚೆಯ ಇಡೀ ಊರಿನ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಅತ್ತಿಮರದ ಹಿಂದಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಅಗೆದ ಗುಂಡಿಯೊಳಗೂ ಕೂತಿದ್ದರು. ಅಳು ಮೊದಲು ಹೊರಟಿದ್ದು ನಾಬಂಡಳ ಗಂಟಲಿನಿಂದ, ಹಳೇ ಬಾಗಿಲು ತೆರೆದ ಹಾಗೆ ಕಿರ್ರೆಂದು. ಆಮೇಲೆ ಯಾರು ಯಾರದಕ್ಕೆ ಅಳುತ್ತಿದ್ದಾರೆಂದು ತಿಳಿಯಲಿಲ್ಲ. ಒಬ್ಬಳು, “ಒಂದ್ಸಲ ಕಣ್ ಬುಟ್ಟು ನೋಡಿ ಓಗ್ಬುಟ್ಯಲ್ಲೋ,” ಎನ್ನುತ್ತಿದ್ದಳು. ಹಲ್ಲಿಲ್ಲದ ಮುದುಕಿಯೊಬ್ಬಳು, “ನಿಂಗೆ ಅಂತ ಹೊಲ್ದಿದ್ ಟೋಪಿ ನಿನ್ ತಮ್ಮಂಗ್ ಹಾಕ್ದೆ ಕಂದಾ, ನಂಗೆ ಬೈಬ್ಯಾಡ,” ಎನ್ನುತ್ತಿದ್ದಳು. ಎಸಿನಾತಿಗೆ ಮೊದಲು ಅಳು ಬರಲೇ ಇಲ್ಲ. ಇಷ್ಟು ವರ್ಷ ತಡೆದು ತಡೆದು ಎದೆ ಒಣಗಿ ಹೋಗಿತ್ತು. ಆಮೇಲೆ ಬಂದಿತು ನೋಡಿ, ಹೊಟ್ಟೆಯ ತಳದಿಂದ ಬಂದಿತು, ಕರುಳು ಕಿತ್ತುಕೊಂಡೇ ಬಂದಿತು. ಅವಳು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಅತ್ತಳು.

ಗಂಡಸರು ಸಾವಿನ ಮನೆಯ ಹೊರಗೆ ಕೂರುವ ಹಾಗೆ ಮರಗಳಾಚೆ ಸಾಲಾಗಿ ಕೂತಿದ್ದರು. ನಡುವೆ ಫಲಿಸೊನ್, ತಲೆ ತಗ್ಗಿಸಿಕೊಂಡು.

ಪೇಟೆಯ ಕೂಲಿಗಳು ಲಾರಿಯಿಂದ ಇಳಿದು ಬಂದರು. ಹಾರೆ ಗುದ್ದಲಿ ಹೆಗಲ ಮೇಲಿದ್ದವು. ಅವರೂ ಯಾವುದೋ ಊರಿನವರೇ, ಸಾವಿನ ಮನೆಯ ಮುಂದೆ ಗುದ್ದಲಿ ಎತ್ತಬಾರದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾರೆಗಳನ್ನು ಮರಕ್ಕೆ ಒರಗಿಸಿ, ಒಬ್ಬೊಬ್ಬರಾಗಿ ಬಂದು ಫಲಿಸೊನ್‌ನ ಕೈ ಹಿಡಿದು, ಗಂಡಸರ ಸಾಲಿನಲ್ಲಿ ಕೂತುಬಿಟ್ಟರು. ಅವರಲ್ಲಿ ಹಿರಿಯನೊಬ್ಬ ಹೆಂಗಸರ ಅಂಚಿನವರೆಗೆ ಹೋಗಿ ನಿಂತು, ನೆಲಕ್ಕೊರಗಿದ್ದ ಎಸಿನಾತಿಗೆ, “ಸಮಾದಾನ ಮಾಡ್ಕಳವ್ವ, ಕೂಸಿನ ತಾಯಿ,” ಎಂದ.

ಹಾಗೆ ಅವಳನ್ನು ಯಾರೂ ಕರೆದಿರಲಿಲ್ಲ. ಎಸಿನಾತಿ ತಲೆಯೆತ್ತಿ ಅವನನ್ನು ನೋಡಿ ಇನ್ನೂ ಜೋರಾಗಿ ಅತ್ತಳು.

ಹಿಂದೆಯೇ ಓಡಿ ಬಂದ ಗಾಸ್ತೆನ್‌ನ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ಆದರೆ ಹುಟ್ಟಿದಾಗಿನಿಂದ ಬಂದ ರೂಢಿ ಕೇಳಬೇಕಲ್ಲ. ಕೈ ತಾನಾಗಿ ಮೇಲಕ್ಕೆ ಹೋಗಿ ಹ್ಯಾಟು ತೆಗೆಯಿತು. ತೆಗೆದ ಮೇಲೆ ತಾನು ಮಾಡಿದ್ದು ಗೊತ್ತಾಗಿ, ಮತ್ತೆ ಹಾಕಿಕೊಳ್ಳಲೂ ಆಗದೆ ಅದನ್ನು ಹಿಸುಕುತ್ತ ನಿಂತ.

ಲಿಕೊಂಗ್ವೆ ಬಂದಾಗ ಮಕಾವಾ ಕೂಡ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ನೆಲದ ಮೇಲೆ, ಎಲ್ಲರ ಹಿಂದೆ ಕೂತಿದ್ದ.

“ಅತ್ತಿಮರದ ಕೊಂಬೆ ಮುರಿದಿದ್ದಾರೆ,” ಎಂದ ಲಿಕೊಂಗ್ವೆ ಗಾಸ್ತೆನ್‌ಗೆ, ನಂಬಲಾಗದವನಂತೆ. ಆಮೇಲೆ ಮಕಾವಾನ ಹತ್ತಿರ ಬಗ್ಗಿ, ಮೆಲ್ಲಗೆ, “ಯಜಮಾನರೇ, ನನಗೆ ಅರ್ಥ ಆಗುತ್ತೆ. ಅವರು ಎಷ್ಟು ಬೇಕೋ ಅಷ್ಟು ಅಳಲಿ. ಆದರೆ ಇದು ಯಾವಾಗ ಮುಗಿಯುತ್ತೆ? ಮಳೆಗೆ ಮುಂಚೆ ತೊಟ್ಟಿ ಆಗಬೇಕು,” ಎಂದ.

ಮಕಾವಾ ಹ್ಯಾಟನ್ನು ಮಡಿಲಲ್ಲಿ ತಿರುಗಿಸುತ್ತಾ, “ಹೆಣ ಎತ್ತಿ ಮಣ್ ಮಾಡುದ್ಮ್ಯಾಕೆ ಏಳ್ತಾರೆ ಬ್ವಾನಾ. ಅಲ್ಲೀಗಂಟ ಯಾರೂ ಏಳಂಗಿಲ್ಲ. ನಾನ್ ಯೋಳಿದ್ರೂ ಏಳಂಗಿಲ್ಲ,” ಎಂದ.

“ಹೆಣ ಎಲ್ಲಿದೆ?”

ಲಿಕೊಂಗ್ವೆ ಹೆಂಗಸರ ಕಡೆ ತಿರುಗಿದ. ಅಳು ಒಮ್ಮೆಗೇ ಕಡಿಮೆಯಾಯಿತು. ಎಸಿನಾತಿ ಎದ್ದು ನಿಂತಿದ್ದಳು. ಕೆನ್ನೆಗೆ ಮಣ್ಣು ಮೆತ್ತಿತ್ತು. ಅವಳು ಅವನನ್ನು ದಾಟಿಕೊಂಡು, ಮಣ್ಣು ತುಳಿಯುವ ಗುಂಡಿಯ ಪಕ್ಕಕ್ಕೆ ಹೋದಳು. ಅಲ್ಲಿ ಇಟ್ಟಿಗೆಗಳು ಬಿಸಿಲಿಗೆ ಸಾಲಾಗಿ ಮಲಗಿದ್ದವು. ಕೆಂಪು ಇಟ್ಟಿಗೆಗಳ ಕೊನೆಗೆ ನಿನ್ನೆ ಬೆಳಿಗ್ಗೆ ಅಚ್ಚಿನಿಂದ ತೆಗೆದ ಕಪ್ಪು ಇಟ್ಟಿಗೆಗಳ ಒಂದು ಸಾಲು.

“ಅಲ್ ಒಣಗ್ತಾ ಅವೆ ನೋಡಿ ಬ್ವಾನಾ,” ಎಂದಳು.

ತನ್ನ ಕೂಸು ಯಾವುದರಲ್ಲಿ ಎಂದು ಅವಳಿಗೆ ಗೊತ್ತಿರಲಿಲ್ಲ. ಸಾಲಿನ ಉದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತಾ ಹೋದಳು, ಕೊನೆಗೆ ಒಂದನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಇನ್ನೂ ಹಸಿಯಿತ್ತು, ಭಾರವಿತ್ತು. ಬೆನ್ನು ಬಾಗಿಸಿ ಅದನ್ನು ಬೆನ್ನ ಮೇಲಿಟ್ಟುಕೊಂಡು, ಹೆಗಲ ಚಿತೆಂಜೆಯನ್ನು ಸುತ್ತಿ ತಂದು ಎದೆಯ ಮೇಲೆ ಗಂಟು ಹಾಕಿದಳು. ಕೂಸು ಕಟ್ಟಿಕೊಳ್ಳುವುದು ಅವಳಿಗೆ ರೂಢಿಯಿರಲಿಲ್ಲ, ಗಂಟು ಸಡಿಲವಾಯಿತು. ನಾಬಂಡ ಬಂದು ಬಿಗಿ ಮಾಡಿ ಕಟ್ಟಿದಳು, ಆಮೇಲೆ ತನಗೊಂದು ಎತ್ತಿಕೊಂಡಳು. ಒಬ್ಬೊಬ್ಬಳಾಗಿ ಎಲ್ಲರೂ ಎದ್ದು ಬಂದರು.

“ಇಟ್ಟಿಗೆ, ನಮ್ಮ ಇಟ್ಟಿಗೆ ಅದು,” ಎಂದ ಗಾಸ್ತೆನ್. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಎಸಿನಾತಿ ತಿರುಗಿ ಬಂದು ಅಗೆದ ಗುಂಡಿಯ ಅಂಚಿನಲ್ಲಿ ಕೂತಳು. ಹಸಿ ಇಟ್ಟಿಗೆಯ ನೀರು ರವಿಕೆಗೆ ಇಳಿದು ಬೆನ್ನು ತಣ್ಣಗಾಗುತ್ತಿತ್ತು. ಒಂದು ಮೂಲೆ ಮುರಿದು ಪುಡಿಪುಡಿಯಾಗಿ ಸೊಂಟಕ್ಕೆ ಜಾರುವುದು ಗೊತ್ತಾಯಿತು. ಅವಳು ಕೈ ಹಿಂದಕ್ಕೆ ತಂದು ಅದನ್ನು ತಟ್ಟತೊಡಗಿದಳು.